ಗುರುಸಂಗಪ್ಪನ ಕೊರಳ ಹರಳು

ಅಬ್ಬಿಗೇರಿಯಲ್ಲಿ ನಮ್ಮ ಕಾಕಾ ಗುರುಸಂಗಪ್ಪನನ್ನು ಕಂಡವರದೆಲ್ಲ ಒಂದೇ ಪ್ರಶ್ನೆ: “ತಿಮಿಂಗಿಲ ಎಷ್ಟ್ ದೊಡ್ಡದಿತ್ತೋ?” ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಹಾಳು ತಿಮಿಂಗಿಲದ ದೆಸೆಯಿಂದ ಅವನು ಕಳಕೊಂಡದ್ದೇನು ಎಂದು ಒಬ್ಬನೂ ಕೇಳಲಿಲ್ಲ.

ಕಾಕಾ ಮುಂಬಯಿಯ ಖಾನಾವಳಿಯೊಂದರಲ್ಲಿ ಅಡಿಗೆಯವನು. ಐವತ್ತನಾಲ್ಕನೆಯ ಇಸವಿಯಲ್ಲಿ ಒಬ್ಬ ಸಾಹೇಬ ಅವನನ್ನು ಸಣ್ಣ ಹಡಗೊಂದರ ಅಡಿಗೆಗೆ ಕರೆದೊಯ್ದ. ಮೂವತ್ತು ಮಂದಿ ಶ್ರೀಮಂತರು ಬಡಗಣ ಕಡಲಿನ ಹಿಮದ ಗುಡ್ಡ, ತಿಮಿಂಗಿಲ ನೋಡಲು ಹೊರಟಿದ್ದರು. ಊರಿಂದ ಹೊರಡುವಾಗ ಅವನವ್ವ, ನಮ್ಮಜ್ಜಿ ಸಿದ್ದವ್ವ, ಹೇಳಿದ್ದಳು: “ಲಿಂಗ ಜ್ವಾಕಿ ಯಪ್ಪಾ. ನೀ ಹುಟ್ಟಿದಾಗ ಕಟ್ಟಿಸಿದ್ದು. ಪೂಜಿ ಇಲ್ಲದ ತುತ್ತು ಬಾಯಾಗ ಇಡಬ್ಯಾಡ, ನನ್ನಾಣಿ ಐತಿ.”

ಒಂದು ಮಧ್ಯಾಹ್ನ ಹಡಗಿನ ಪಕ್ಕದಲ್ಲೇ ತಿಮಿಂಗಿಲ ಎದ್ದಿತು. ಎಲ್ಲರೂ ಅತ್ತ ನುಗ್ಗಿದರು. ಕಾಕಾನೂ ಓಡಿ ಬಂದು ಅಂಚಿನ ಕಂಬಿಯ ಮೇಲೆ ಬಗ್ಗಿದ. ಲಿಂಗ ಕಟ್ಟಿದ್ದ ಕೊರಳಿನ ಸವೆದ ಶಿವದಾರ ಕಂಬಿಗೆ ಸಿಕ್ಕು ಹರಿಯಿತು. ಬೆಳ್ಳಿಯ ಕರಡಿಗೆ ಸಮೇತ ಲಿಂಗ ಕಡಲಿಗೆ ಬಿತ್ತು. “ನಿಂದರಸ್ರಿ! ಹಡಗಾ ನಿಂದರಸ್ರಿ!” ಎಂದು ಚೀರಿದ. ಅಲ್ಲಿ ಕನ್ನಡ ಯಾರಿಗೆ ಗೊತ್ತು? ತಿಮಿಂಗಿಲ ಕಂಡು ಹೆದರಿದ್ದಾನೆಂದು ನಕ್ಕರು.

ಮೂರು ದಿನ ಅವರಿಗೆಲ್ಲ ಮಾಡಿ ಬಡಿಸಿದ, ತಾನು ಬರೀ ನೀರು ಕುಡಿದ. ಹೊಸ ಲಿಂಗ ಕಟ್ಟಲು ಅಲ್ಲಿ ಯಾವ ಮಠದ ಅಯ್ಯನವರು ಸಿಗಬೇಕು? ನಾಲ್ಕನೆಯ ದಿನ ಹಿಮದ ಬುಡದಲ್ಲಿ ದಂಡೆಗಿಳಿದಾಗ ಒಂದು ಕರಿಯ ಹರಳು ಹೆಕ್ಕಿ, ಧೋತರದ ಚೂರಿನಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡ. ಅದಕ್ಕೇ ಪೂಜೆ ಮಾಡಿ, ಅಳುತ್ತಳುತ್ತ ಎರಡು ತುತ್ತು ಉಂಡ.

ಅವನು ಊರಿಗೆ ಬರುವಷ್ಟರಲ್ಲಿ ಅಜ್ಜಿಯ ಕಣ್ಣು ಹೋಗಿದ್ದವು, ಹಾಸಿಗೆ ಹಿಡಿದಿದ್ದಳು. ಮಠದ ಅಯ್ಯನವರು ಬೇರೆ ಲಿಂಗ ಕಟ್ಟುತ್ತೇನೆಂದರು. “ಅವ್ವಗ ಹೇಳದ ಹ್ಯಾಂಗ ಕಟ್ಟಿಸ್ಕೊಳ್ಳಲಿರಿ?” ಎಂದ ಕಾಕಾ. ದಿನಾ ಅವಳ ಹತ್ತಿರ ಕೂಡುವನು, ಬಾಯಿ ತೆರೆಯುವನು, ಮಳೆ ಬೆಳೆಯ ಮಾತಾಡಿ ಎದ್ದುಬಿಡುವನು. ಪಾಪ, ನೋಡಲಾಗುತ್ತಿರಲಿಲ್ಲ.

ಒಂದು ಮುಂಜಾನೆ ಅಜ್ಜಿ ಅವನ ತಲೆ ಸವರುತ್ತಿದ್ದಳು. ಕೈ ಜಾರಿ ಕೊರಳಿಗೆ ಬಂತು. ಕರಡಿಗೆ ಸಿಗಲಿಲ್ಲ, ಅರಿವೆಯ ಗಂಟು ಸಿಕ್ಕಿತು. ಗಂಟನ್ನು ಒತ್ತಿ ನೋಡಿದಳು, ಒಳಗಿದ್ದುದು ತಾನು ಕಟ್ಟಿಸಿದ ಲಿಂಗವಲ್ಲ ಎಂದು ತಿಳಿಯಿತು.

“ಎಷ್ಟ್ ದಿನ ಉಪವಾಸ ಇದ್ದ್ಯೋ?”

“ಮೂರು ದಿನ, ಯವ್ವಾ.”

“ನನ್ನ ಆಣಿಗೆ ನನ್ನ ಕೂಸು ಹಸಗೊಂಡು ಸಾಯಾಕತ್ತಿತ್ತಲ್ಲೋ!” ಎಂದು ಗೊಳೋ ಎಂದು ಅತ್ತಳು.

ಅಂದಿನಿಂದ ಅವಳು ಬರೀ ನೀರು ಕುಡಿದಳು. ಕಾಕಾ ಕಾಲು ಹಿಡಿದ, ಬೇಡಿಕೊಂಡ. “ಮೂರು ದಿನ, ನಿಂದಾದಷ್ಟು ನಂದೂ ಆಗ್ಲಿ” ಎಂದಳು. ನಾಲ್ಕನೆಯ ದಿನ ಬೆಳಿಗ್ಗೆ ಅವನು ಹಾಲಲ್ಲಿ ರೊಟ್ಟಿ ಕಲಸಿ ತಂದು ಅವಳನ್ನು ಎಬ್ಬಿಸಲು ಹೋದ. ಅವಳು ಏಳಲಿಲ್ಲ.