ನೀಲಾ ಕುಳಿತ ಜೋಳದ ರಾಶಿ

ನನ್ನ ಮಗಳಿಗೆ ಹೆಸರಿಡುವ ಹೊತ್ತಿನಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ನನ್ನ ಗಂಡನ ಅಕ್ಕನ ಬೆನ್ನಿಗೆ ಧಬಧಬ ಗುದ್ದತೊಡಗಿದರು. ಬಾಣಂತಿಯ ಹೊರಸಿನ ಮೇಲೆ ಕೂತಿದ್ದ ನಾನು ಜಗಳ ಹತ್ತಿತೆಂದೇ ತಿಳಿದು, "ಅಯ್ಯೋ, ಹೊಡೀಬೇಡಿ, ಬಿಡಿ ಅವರನ್ನ!" ಎಂದು ಕೂಗಿಬಿಟ್ಟೆ. ಗುದ್ದುತ್ತಿದ್ದ ಕೈಗಳು ಗಾಳಿಯಲ್ಲೇ ನಿಂತವು. ತೊಟ್ಟಿಲಿಗೆ ಬಾಗಿ ಮಗುವಿನ ಕಿವಿಯಲ್ಲಿ "ಕುರ್ರ್" ಎನ್ನುತ್ತಿದ್ದ ಆ ಅತ್ತಿಗೆ ಬಸಮ್ಮಕ್ಕ ತಲೆ ಎತ್ತಿದರು.

"ಯಾಕವ್ವಾ ಮೈಸೂರವ್ವ, ನಿಮ್ಮೂರಾಗ ಹೊಡತ ತಿನ್ನಲಾರದ ಹೆಸರಿಡ್ತಾರೇನು?"

ಮನೆಯೆಲ್ಲ ನಕ್ಕಿತು. ಹೆಸರು ಹೇಳುವ ಸೋದರತ್ತೆಗೆ ಗುದ್ದು ಬೀಳಲೇಬೇಕು, ಅದು ಇಲ್ಲಿಯ ಸಂಭ್ರಮ ಎಂದು ನನಗೆ ಗೊತ್ತಾದದ್ದು ಆಮೇಲೆ. ಅಂತೂ ನೀಲಾ ಎಂಬ ಹೆಸರು ಗುದ್ದುಗಳ ನಡುವೆ ಅವಳ ಕಿವಿ ಸೇರಿತು. ನಮ್ಮವರು ಬಾಗಿಲಲ್ಲಿ ನಿಂತು, ಯಾರೂ ಕೇಳದಿದ್ದರೂ, "ಹೆಸರು ಕೇಳಿ ನಕ್ಕಳ ನೋಡ್ರಿ ನನ್ನ ಮಗಳು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹಸುಗೂಸು ಕಣ್ಣುಮುಚ್ಚಿ ಮಲಗಿತ್ತು.

ನಾನು ಸುರಪುರಕ್ಕೆ ಬಂದದ್ದು ರಾಜ್ಯಗಳು ಒಂದಾದ ಹೊಸದರಲ್ಲಿ. ನಮ್ಮವರು ಮೇಷ್ಟ್ರ ತರಬೇತಿಗೆಂದು ಮೈಸೂರಿಗೆ ಬಂದಿದ್ದರು; ನಮ್ಮ ಮನೆಯವರಿಗೆ ಗೊತ್ತಿದ್ದ ಸ್ವಾಮಿಗಳೊಬ್ಬರು ಸಂಬಂಧ ಕೂಡಿಸಿದರು. ನಕ್ಷೆಯಲ್ಲಿ ಒಂದೇ ಬಣ್ಣ ಬಳಿದ ಮಾತ್ರಕ್ಕೆ ಊರುಗಳು ಹತ್ತಿರವಾಗುವುದಿಲ್ಲ. ಬೆಂಗಳೂರಿನಲ್ಲಿ ಇಳಿದು, ಗುಂತಕಲ್ಲಿನಲ್ಲಿ ಇಳಿದು, ಯಾದಗಿರಿಯಲ್ಲಿ ಇಳಿದು, ಅಲ್ಲಿಂದ ಮೋಟಾರು ಹತ್ತಿ ಶಹಾಪುರದ ಬೆಟ್ಟದ ಕೆಳಗೆ ಹಾದು ಬರುವಷ್ಟರಲ್ಲಿ ನನ್ನ ಸೀರೆಯ ಬಣ್ಣವೇ ಧೂಳಿನ ಬಣ್ಣವಾಗಿತ್ತು.

ಇಲ್ಲಿ ಶಾಲೆಗೆ ಸಾಲಿ ಎನ್ನುತ್ತಾರೆ, ಆಸ್ಪತ್ರೆಗೆ ದವಾಖಾನಿ, ಚಿಂತೆಗೆ ಫಿಕರು. ನಮ್ಮವರ ಶಾಲೆಯ ಹಳೆಯ ಮೇಷ್ಟ್ರುಗಳು ಇನ್ನೂ ಉರ್ದುವಿನಲ್ಲೇ ಸಹಿ ಹಾಕುತ್ತಾರೆ. ಮೈಸೂರಿನ ನಮ್ಮ ಮನೆಯದು ಕೆಂಪು ಗಾರೆಯ ನೆಲ, ಕಾಲಿಟ್ಟರೆ ಜಾರುವಷ್ಟು ನುಣುಪು. ಇಲ್ಲಿಯದು ಫರಸಿ, ಅಂದರೆ ಬೂದುಬಣ್ಣದ ಹಾಸುಗಲ್ಲು, ಬಿದ್ದರೆ ಕಲ್ಲೇ. ಅಲ್ಲಿ ಎರಡು ಹೊತ್ತೂ ಅನ್ನ. ಇಲ್ಲಿ ಎರಡು ಹೊತ್ತೂ ಜೋಳದ ರೊಟ್ಟಿ, ಅನ್ನ ಜ್ವರ ಬಂದವರಿಗೆ. ಬಂದ ಹೊಸದರಲ್ಲಿ ಅನ್ನದ ಆಸೆಗೆ ನಾನು ತಲೆನೋವು ಎಂದು ಮಲಗಿದ್ದೆ, ಅತ್ತೆ ಮೆತ್ತಗೆ ಅನ್ನ ಮಾಡಿ ತಂದಿಟ್ಟು, ನಾನು ಉಂಡು ಮುಗಿಸುವ ತನಕ ಸುಮ್ಮನೆ ನೋಡಿ, "ಆರಾಮಾದೇನು? ನಾಳಿಗೂ ತಲಿನೋವು ಬರ್ತದೇನು?" ಎಂದು ಕೇಳಿದ್ದರು. ಮಾತು ಒರಟು. ಆದರೆ ವಾರಕ್ಕೊಮ್ಮೆ ಯಾರಿಗೂ ಜ್ವರವಿಲ್ಲದೆಯೇ ಅನ್ನ ಆಗತೊಡಗಿತು.

ಬಾಣಂತನಕ್ಕೆ ತವರಿಗೆ ಹೋಗಬೇಕಾಗಿತ್ತು. ಹೋಗುವ ಮೊದಲೇ, ತಿಂಗಳು ತುಂಬದೆ, ನೀಲಾ ಬಂದುಬಿಟ್ಟಳು. ಅತ್ತೆಯ ಒಂದು ಅಂಗೈಯಲ್ಲಿ ಅವಳ ಬೆನ್ನು ಪೂರ್ತಿ ಕೂರುತ್ತಿತ್ತು.

ಅಪ್ಪನಾದವರು ಹೀಗೂ ಇರುತ್ತಾರೆಂದು ನನಗೆ ಗೊತ್ತಿರಲಿಲ್ಲ. ನನ್ನ ತಂದೆ ನಮ್ಮನ್ನು ಎತ್ತಿಕೊಂಡದ್ದೇ ಕಡಿಮೆ. ನಮ್ಮವರು ಮಗು ಬೆರಳು ಹಿಡಿದರೆ ಪೇಡೆ ತರುತ್ತಿದ್ದರು. ಬೋರಲು ಬಿದ್ದ ದಿನ ಶಾಲೆಯಲ್ಲಿ ಪಾಠ ನಿಲ್ಲಿಸಿ ಮಕ್ಕಳಿಗೆಲ್ಲ ಬೆಲ್ಲ ಹಂಚಿದರಂತೆ. ಅತ್ತೆ ಮಗನನ್ನು ಬೈಯುತ್ತಿದ್ದರು: "ಲೇ ಶರಣ್ಯಾ, ಕೂಸು ಸೀನಿದ್ರೂ ಊರಿಗೆ ಊಟ ಹಾಕ್ತಿಯೇನೋ?" ಬೈಯುತ್ತಲೇ ಬೆಲ್ಲದ ಡಬ್ಬಿಯನ್ನು ಅವರ ಕೈಗೆ ಸಿಗುವ ಹಾಗೆ ಇಡುತ್ತಿದ್ದರು.

ಆದರೆ ಬೋರಲು ಬಿದ್ದ ಮೇಲೆ ನೀಲಾ ಅಷ್ಟಕ್ಕೇ ನಿಂತುಬಿಟ್ಟಳು. ಎದುರು ಮನೆಯಲ್ಲಿ ಅವಳ ನಂತರ ಹುಟ್ಟಿದ ಮಗು ಹೊಸ್ತಿಲ ಮೇಲೆ ಕೈಯೂರಿ ನಮ್ಮ ಮನೆ ಇಣುಕುತ್ತಿತ್ತು. ಇವಳು ಕೂರಿಸಿದರೆ ಒದ್ದೆ ಬಟ್ಟೆಯ ಹಾಗೆ ಮಡಚಿಕೊಳ್ಳುತ್ತಿದ್ದಳು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಸಾಲುಗಳ ನಡುವೆ ನಡೆಯುತ್ತ ಬಾಗಿದ ಬೆನ್ನಿಗೆ ಬೆರಳು ತಾಗಿಸಿ ನೆಟ್ಟಗೆ ಮಾಡುತ್ತಿದ್ದರು. ಆ ಬೆರಳು ನನಗೆ ದಿನವೂ ನೆನಪಾಗುತ್ತಿತ್ತು. ಯಾದಗಿರಿಯ ಡಾಕ್ಟರಮ್ಮ ನೀಲಾಳ ಬೆನ್ನುಮೂಳೆಯನ್ನು ಮೇಲಿಂದ ಕೆಳಗೆ ಸವರಿ ನೋಡಿ, "ಬೇಗ ಹುಟ್ಟಿದ ಮಗು, ಸ್ವಲ್ಪ ಹಿಂದೆ ಬೀಳುವುದು ಸಹಜ. ಯುಗಾದಿ ಹೊತ್ತಿಗೂ ಕೂರದಿದ್ದರೆ ಹೈದರಾಬಾದಿಗೆ ಕರೆದೊಯ್ಯಿರಿ, ತಡ ಮಾಡಬೇಡಿ" ಎಂದರು. ವಾಪಸು ಬರುವಾಗ ಮೋಟಾರಿನಲ್ಲಿ ನಮ್ಮವರು ಕಿಟಕಿಯಾಚೆ ನೋಡುತ್ತಾ ಒಂದೇ ಮಾತು ಆಡಿದರು. "ಕುಂದ್ರತಾಳ."

ಹೊಸ ಜೋಳ ಮನೆಗೆ ಬಂದ ದಿನಗಳಲ್ಲಿ ಆ ಎಡವಟ್ಟಾಯಿತು. ನಾನು ನೀಲಾಳನ್ನು ಪಡಸಾಲೆಯಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ದಿಂಬು ಜಾರದಿರಲೆಂದು ಸುತ್ತ ಕೌದಿ ಹೊದಿಸಿ ರೊಟ್ಟಿ ಬಡಿಯಲು ಒಳಗೆ ಹೋಗಿದ್ದೆ. ಮಧ್ಯಾಹ್ನ ಊಟಕ್ಕೆ ಬಂದ ನಮ್ಮವರಿಗೆ ಹೊಸ್ತಿಲಿನಿಂದ ಕಂಡದ್ದು ಕೌದಿ ಹೊದ್ದು ನೆಟ್ಟಗೆ ಕೂತಿದ್ದ ಮಗಳು.

"ಕುಂತಾಳ! ಎವ್ವಾ, ನನ್ನ ಮಗಳು ಕುಂತಾಳ!"

ನಾನು ಹಿಟ್ಟಿನ ಕೈಯಲ್ಲಿ ಹೊರಗೆ ಬರುವಷ್ಟರಲ್ಲಿ ಅವರು ಇರಲಿಲ್ಲ. ಓಣಿಯ ಆ ತುದಿಯಲ್ಲಿ ಅವರ ದನಿ ಕೇಳುತ್ತಿತ್ತು. ನೀಲಾ ದಿಂಬಿನ ಸಮೇತ ನಿಧಾನವಾಗಿ ಪಕ್ಕಕ್ಕೆ ವಾಲುತ್ತಿದ್ದಳು.

ಸಂಜೆ ಅವರು ನಗುತ್ತಲೇ ಬಂದರು. ನಾನು ಹೇಳಿದೆ. "ಅದು ದಿಂಬು."

"ಏನು ದಿಂಬು?"

"ಮಗು ಕೂತಿರಲಿಲ್ಲ. ಹಿಂದೆ ದಿಂಬಿತ್ತು. ಕೌದಿಯಲ್ಲಿ ಕಾಣಲಿಲ್ಲ ನಿಮಗೆ."

ಅವರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. "ಸಾಲ್ಯಾಗ ಎಲ್ಲರಿಗೂ ಹೇಳೀನಿ. ಹುಣಸಗಿ ಮೋಟಾರಿನ ಡ್ರೈವರನ ಕೈಲೆ ಅಕ್ಕಗ ಹೇಳಿ ಕಳಿಸೀನಿ. ಸೋಮವಾರ ಬರ್ತಾಳ."

"ಬೇಡ ಅಂತ ಹೇಳಿ ಕಳಿಸಿ. ಇನ್ನೂ ಸ್ವಲ್ಪ ದಿನ ನೋಡೋಣ."

"ಏನಂತ ಹೇಳ್ಲಿ? ಕುಂತಿದ್ದಾಕಿ ಬಿದ್ಲು ಅಂತ ಹೇಳ್ಲೇನು?" ದನಿ ಏರಿತು. ಅಷ್ಟು ಜೋರಾಗಿ ಅವರು ನನ್ನೊಡನೆ ಮಾತಾಡಿದ್ದು ಅದೇ ಮೊದಲು. ಏರಿದ ದನಿ ಅಲ್ಲೇ ಒಡೆಯಿತು ಕೂಡ.

ಈ ಮನೆಯಲ್ಲಿ ಮಗು ಮೊದಲ ಸಲ ಕೂತರೆ ಪಡಸಾಲೆಯ ನಡುವೆ ಹೊಸ ಜೋಳದ ರಾಶಿ ಸುರಿದು, ಸೋದರತ್ತೆ ಬಂದು ಅದರ ಮೇಲೆ ಕೂರಿಸಬೇಕು. ಆರತಿ ಮುಗಿಯುವ ತನಕ ಯಾರೂ ಮಗುವಿಗೆ ಆಸರೆ ಕೊಡುವಂತಿಲ್ಲ. ಆಮೇಲೆ ಓಣಿಗೆಲ್ಲ ಗುಗ್ಗರಿ, ಅಂದರೆ ಬೇಯಿಸಿದ ಕಾಳು, ಹಂಚಬೇಕು. ಎಲ್ಲರೆದುರು ಮಗು ಮಡಚಿಕೊಂಡು ಬಿದ್ದರೆ? ಬಿದ್ದದ್ದನ್ನು ಕಂಡ ಓಣಿ ಅವಳನ್ನು ಮುಂದೆ ಯಾವ ಹೆಸರಿನಿಂದ ಕರೆಯುತ್ತದೆ ಎಂಬುದು ನನ್ನ ಭಯ. ನಾನು ಅತ್ತೆಯತ್ತ ನೋಡಿದೆ. ಅವರು ಕಾಳು ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಡಲೇ ಇಲ್ಲ.

"ಕರದಾನ, ಬರ್ಲಿ. ಜೋಳ ಹೆಂಗೂ ಮನಿಗಿ ಬಂದದ."

ಸೋಮವಾರ ಬಸಮ್ಮಕ್ಕ ಬಾಗಿಲಲ್ಲೇ ಶುರು ಮಾಡಿದರು. "ಈ ಸಲ ನನ್ನ ಬೆನ್ನಿಗೇನೂ ಇಲ್ಲಲ್ಲ? ಮೈಸೂರವ್ವ, ನೀ ಅಂಜಬ್ಯಾಡ, ಇವತ್ತು ಯಾರೂ ಯಾರನ್ನೂ ಹೊಡ್ಯಂಗಿಲ್ಲ." ನಾನು ನಗಲಿಲ್ಲ. ಅವರು ನನ್ನ ಮುಖ ನೋಡಿ, ತಮ್ಮನ ಮುಖ ನೋಡಿ, ಚಪ್ಪಲಿ ಬಿಟ್ಟು ಒಳಗೆ ಬಂದರು. ಹೆಂಗಸರು ಸೇರಿದರು. ನನ್ನ ಹಿಂದೆ ಯಾರೋ, "ತಿಂಗಳು ತುಂಬಲಾರದ ಕೂಸು ಅದು. ಖರೇನ ಕುಂತದೇನು?" ಎಂದರು. ಇನ್ನೊಬ್ಬರು, "ಅಪ್ಪ ಹೇಳ್ಯಾನ, ಹೌದನ್ನು" ಎಂದರು. ನಮ್ಮವರ ಕಿವಿ ಕೆಂಪಾಯಿತು.

ಅತ್ತೆ ಚೀಲದ ಬಾಯಿ ಬಿಚ್ಚಿ ಜೋಳ ಸುರಿದರು. ಬಿಳಿ ಜೋಳ, ಮುತ್ತಿನ ಹಾಗೆ ಉರುಳಿ ಉರುಳಿ ಗುಡ್ಡೆಯಾಯಿತು. ಬಸಮ್ಮಕ್ಕ ನೀಲಾಳನ್ನು ಗುಡ್ಡೆಯ ನೆತ್ತಿಯ ಮೇಲಿಟ್ಟು ಕೈಬಿಟ್ಟು ಹಿಂದೆ ಸರಿದರು.

ಒಂದು ಗಳಿಗೆ ಇದ್ದಳು. ಆಮೇಲೆ ಭುಜ ಮುಂದಕ್ಕೆ ಬಂತು, ತಲೆ ಬಾಗಿತು. ನಮ್ಮವರ ಕೈ ತಾನಾಗಿ ಮುಂದೆ ಹೋಯಿತು.

"ಕೈ ತಗಿ!" ಎಂದರು ಅತ್ತೆ.

"ಎವ್ವಾ, ಬೀಳ್ತಾಳ..."

"ತಗೀ ಅಂದೆ ನಾ."

ನಾನು ಆರತಿಯ ತಟ್ಟೆ ಹಿಡಿದೇ ಒಂದು ಹೆಜ್ಜೆ ಮುಂದಿಟ್ಟೆ, ದೀಪದ ಎಣ್ಣೆ ಬೆರಳಿಗೆ ಚೆಲ್ಲಿತು. ಆಗ ಜೋಳ ಸರಸರ ಸದ್ದು ಮಾಡಿತು. ನೀಲಾಳ ಭಾರಕ್ಕೆ ಕಾಳು ಕೆಳಗೆ ಜಾರಿ, ಅವಳು ಒಳಕ್ಕಿಳಿದಳು. ಸುತ್ತಲಿನ ಕಾಳು ಉರುಳಿ ಬಂದು ಅವಳ ತೊಡೆ ಮುಚ್ಚಿತು, ಸೊಂಟದ ಸುತ್ತ ತುಂಬಿತು, ಬೆನ್ನಿಗೆ ಆನಿತು. ಮುಂದೆ ಬಾಗಿದ ತಲೆ ಅಲ್ಲೇ ನಿಂತಿತು. ಮೆಲ್ಲಗೆ ಮೇಲೆ ಬಂತು. ನೆಟ್ಟ ಸಸಿಯ ಹಾಗೆ ಕೂತು ಅವಳು ಸುತ್ತ ನೋಡಿ, ಎರಡೂ ಕೈಯಿಂದ ಜೋಳ ಬಾಚಿ ಎರಚಿದಳು. ಹೆಂಗಸರು ಹೋ ಎಂದರು. ಒಂದು ಹಿಡಿ ಬಾಯಿಗೆ ಹೋಗುವಷ್ಟರಲ್ಲಿ ಬಸಮ್ಮಕ್ಕ ಅವಳ ಮುಷ್ಟಿ ಹಿಡಿದು, "ಮೊದಲ ಆರತಿ ಆಗ್ಲಿ, ಆಮ್ಯಾಲ ಊಟ!" ಎಂದರು. ನಮ್ಮವರು ಗೋಡೆಯ ಕಡೆ ತಿರುಗಿ ಕಣ್ಣೊರಸಿಕೊಂಡು, ತಿರುಗಿ, "ನೋಡ್ರಿ, ಹೇಳಿದ್ದಿಲ್ಲ ನಾ?" ಎಂದರು.

ಗುಗ್ಗರಿ ಹಂಚಿ ಎಲ್ಲರೂ ಹೋದ ಮೇಲೆ ನಾನು ಮಗುವನ್ನು ರಾಶಿಯಿಂದ ಎತ್ತಿ ಫರಸಿಯ ಮೇಲೆ ಕೂರಿಸಿದೆ. ಅವಳು ಮಡಚಿಕೊಂಡಳು. ಬಸಮ್ಮಕ್ಕ ನೋಡಿದರು. ನಾನು ಅವರ ಕುಹಕಕ್ಕೆ ಕಾದೆ. ಅವರು ನನ್ನ ಪಕ್ಕ ಕೂತು, "ಗೊತ್ತದ ತಂಗಿ. ನಾ ಕೈಬಿಟ್ಟಾಗ ತಿಳೀತು. ಫಿಕರ್ ಮಾಡಬ್ಯಾಡ" ಎಂದರು. ಆಗ ಅವರು ನನ್ನನ್ನು ಮೈಸೂರವ್ವ ಎನ್ನಲಿಲ್ಲ.

ಮರುದಿನ ಜೋಳವನ್ನು ಚೀಲಕ್ಕೆ ತುಂಬಬೇಕಿತ್ತು. ನಾನು ಚೀಲ ತಂದೆ.

"ಇರ್ಲಿ ಬಿಡು ಅಲ್ಲೇ," ಎಂದರು ಅತ್ತೆ.

"ಇಲಿ ಬರುತ್ತೆ ಅತ್ತೆ."

"ಇಲಿಗಿ ನಾ ಅದೀನಿ."

ರಾಶಿ ಪಡಸಾಲೆಯ ನಡುವೆಯೇ ಉಳಿಯಿತು. ಬೆಳಿಗ್ಗೆ ಹಾಲು ಕುಡಿದ ಮೇಲೆ ನೀಲಾ ಅದರಲ್ಲಿ ಕೂರುವಳು. ಅತ್ತೆ ಪಕ್ಕದಲ್ಲಿ ಕೂತು ಬಾಯಿಗೆ ಹೋದ ಕಾಳನ್ನು ಬೆರಳಿಂದ ತೆಗೆಯುವರು. ಎದ್ದು ಹೋಗುವಾಗ ಅದೇ ರಾಶಿಯಿಂದ ಆ ದಿನದ ರೊಟ್ಟಿಗೆ ಬೇಕಾದಷ್ಟು ಜೋಳ ಅಳೆದು ಬೀಸಲು ಒಯ್ಯುವರು. ಒಳಗಿದ್ದ ಬೇರೆ ಚೀಲಗಳ ಜೋಳವನ್ನು ಮುಟ್ಟುತ್ತಿರಲಿಲ್ಲ. ನನಗೆ ಇದು ಅರ್ಥವಾಗಲು ಕೆಲವು ದಿನ ಹಿಡಿಯಿತು. ಸೊಂಟದವರೆಗೆ ಇದ್ದ ಕಾಳು ತೊಡೆಗಿಳಿದಿತ್ತು. ನಾವು ಮಗುವಿನ ಆಸನವನ್ನು ದಿನಾ ಇಷ್ಟಿಷ್ಟೇ ತಿನ್ನುತ್ತಿದ್ದೆವು. ಹಾಗೆ ತಿಳಿದ ಮೇಲೆ, ಅನ್ನಕ್ಕಾಗಿ ತಲೆನೋವು ಬರಿಸಿಕೊಂಡಿದ್ದ ನಾನು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಳ್ಳತೊಡಗಿದೆ. ನಮ್ಮವರೂ ಕೇಳುತ್ತಿದ್ದರು. ಹೊರಗೆ ಬೇವು ಚಿಗುರಿತ್ತು, ಯುಗಾದಿ ಹತ್ತಿರ ಬರುತ್ತಿತ್ತು, ಹೈದರಾಬಾದಿನ ದಾರಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಕೆಲವು ದಿನ ಅವಳು ಪಕ್ಕಕ್ಕೆ ಬಿದ್ದು ಅತ್ತಳು. ಅಂಥ ದಿನ ಅತ್ತೆ ರಾಶಿಯನ್ನು ಮುಟ್ಟದೆ ಚೀಲಕ್ಕೆ ಕೈ ಹಾಕುತ್ತಿದ್ದರು.

ನಮ್ಮವರು ಪೇಡೆ ತರುವುದನ್ನು ಬಿಟ್ಟಿದ್ದರು. ಶಾಲೆಯಲ್ಲಿ ಯಾರಾದರೂ ಮಗಳ ಸುದ್ದಿ ಕೇಳಿದರೆ "ಆರಾಮದಾಳ" ಎಂದಷ್ಟೇ ಹೇಳುತ್ತಿದ್ದರಂತೆ.

ಒಂದು ಮಧ್ಯಾಹ್ನ ನಾನು ಒಲೆಯ ಮುಂದಿದ್ದೆ. ಅವರು ಬರುವ ಹೊತ್ತಾಗಿತ್ತು, ಆದರೆ ಚಪ್ಪಲಿ ಬಿಡುವ ಸದ್ದು ಕೇಳಲಿಲ್ಲ. ಇಣುಕಿದೆ. ಅವರು ಹೊಸ್ತಿಲ ಹೊರಗೆ ಚಪ್ಪಲಿ ಕಾಲಲ್ಲೇ ನಿಂತು, ತುಟಿಯ ಮೇಲೆ ಬೆರಳಿಟ್ಟು ನನಗೆ ಸುಮ್ಮನಿರು ಎಂದರು. ಪಡಸಾಲೆಯ ನಡುವೆ ನೀಲಾ ಕೂತಿದ್ದಳು. ದಿಂಬು ಇರಲಿಲ್ಲ, ಕೌದಿ ಇರಲಿಲ್ಲ. ಅವಳ ಕೆಳಗೆ ಬರಿ ಫರಸಿ. ಆ ಬೆಳಿಗ್ಗೆ ಅತ್ತೆ ರಾಶಿಯ ಕೊನೆಯ ಜೋಳ ಬಾಚಿ ಬೀಸಿಬಿಟ್ಟಿದ್ದರು. ಉಳಿದ ನಾಲ್ಕಾರು ಕಾಳನ್ನು ಮಗು ಒಂದೊಂದಾಗಿ ಹೆಕ್ಕುತ್ತಿತ್ತು. ಹೆಕ್ಕಲು ಬಾಗುತ್ತಿತ್ತು, ತಾನೇ ನೆಟ್ಟಗಾಗುತ್ತಿತ್ತು.

ಅವರು ಬಹಳ ಹೊತ್ತು ಒಳಗೆ ಬರಲಿಲ್ಲ. ಓಣಿಗೂ ಹೋಗಲಿಲ್ಲ. ರೊಟ್ಟಿ ಹೆಂಚಿನ ಮೇಲೆ ಸೀದು ಹೋಯಿತು.

ಯುಗಾದಿಯ ಹೊತ್ತಿಗೆ ಯಾದಗಿರಿಯ ಡಾಕ್ಟರಮ್ಮನ ಮೇಜಿನ ಮೇಲೆ ನೀಲಾ ಕೂತು ಅವರ ಕನ್ನಡಕ ಎಳೆದಳು. ಹೈದರಾಬಾದು ಬೇಡ ಎಂದರು ಅವರು. ಬಸಮ್ಮಕ್ಕ ಇಂದಿಗೂ ತಮ್ಮನನ್ನು ಬಿಟ್ಟಿಲ್ಲ: "ಲೇ, ದಿಂಬು ಕುಂತಾಗ ನನ್ನ ಹುಣಸಗಿಯಿಂದ ಕರಿಸಿದಿ, ಕೂಸು ಕುಂತಾಗ ಬಾಯಿ ಮುಚಗೊಂಡು ನಿಂತಿ!"

ಬೇಸಿಗೆ ರಜೆಯಲ್ಲಿ ಮೊದಲ ಬಾರಿ ಮಗುವನ್ನು ಮೈಸೂರಿಗೆ ಕರೆದೊಯ್ದೆ. ಅಮ್ಮ ಅನ್ನ ಮಾಡಿದ್ದರು, ಸಾರು ಮಾಡಿದ್ದರು. ಇದಕ್ಕಾಗಿಯೇ ವರುಷದಿಂದ ಬಾಯಿ ಕಟ್ಟಿದ್ದ ನಾನು ಎರಡು ತುತ್ತು ಉಂಡು, ಜೊತೆಗೆ ರೊಟ್ಟಿ ಇದ್ದಿದ್ದರೆ ಎಂದುಕೊಂಡು ನನಗೇ ನಾಚಿದೆ. ಕೆಂಪು ನೆಲದ ಮೇಲೆ ನೀಲಾ ನೆಟ್ಟಗೆ ಕೂತಿದ್ದಳು. ಅಮ್ಮ ಅವಳ ಗಲ್ಲ ಹಿಡಿದು, "ಎಷ್ಟು ಚೆನ್ನಾಗಿ ಕೂರ್ತಾಳೆ! ನಮ್ಮನೆ ನೆಲ ಒಗ್ಗಿತು ನೋಡು ಅವಳಿಗೆ" ಎಂದರು.

ಮಗು ಎರಡೂ ಕೈ ಪಕ್ಕಕ್ಕೆ ಚಾಚಿ ನುಣುಪು ನೆಲವನ್ನು ಸವರುತ್ತಿತ್ತು. ಸವರಿತು, ಬಾಚಿತು, ಖಾಲಿ ಮುಷ್ಟಿ ಬಿಡಿಸಿ ನೋಡಿತು. ನಾನು ಎದ್ದು ಅಡುಗೆಮನೆಗೆ ಹೋದೆ. ಜೋಳ ಇರಲಿಲ್ಲ. ಒಂದು ಪಾವು ಅಕ್ಕಿ ತಂದು ಅವಳ ಸುತ್ತ ಸುರಿದೆ. ಅವಳು ಒಂದು ಹಿಡಿ ತೆಗೆದು ಬೆರಳ ಸಂದಿಯಿಂದ ಬಿಟ್ಟು, ಇದು ಅದಲ್ಲ ಎನ್ನುವ ಹಾಗೆ ತಲೆ ಎತ್ತಿ ನನ್ನ ಮುಖ ನೋಡಿದಳು.

"ಯಾಕೆ ಅಕ್ಕಿ ಚೆಲ್ಲಿದೆ?" ಎಂದರು ಅಮ್ಮ.

"ಇರ್ಲಿ ಬಿಡು ಅಲ್ಲೇ," ಎಂದೆ. ಆ ದನಿ ನನ್ನದಾಗಿರಲಿಲ್ಲ, ಅತ್ತೆಯದಾಗಿತ್ತು. ಅಮ್ಮ ಕೈಯಲ್ಲಿ ಪೊರಕೆ ಹಿಡಿದು, ಯಾರೋ ಪರಸ್ಥಳದವಳನ್ನು ನೋಡುವ ಹಾಗೆ ನನ್ನನ್ನು ನೋಡುತ್ತಾ ನಿಂತರು.