ಗುಣವಾಯಿತೆಂದು ಸಾಕ್ಷಿ ಹೇಳಿಬಿಟ್ಟಿದ್ದೆ

ಮೊದಲು ಉರುಳಿದ್ದು ನೀಲಿ ಬಣ್ಣದ ಡಬ್ಬಿ.

ನಮ್ಮೂರು ನ್ಯಾಮತಿಯ ಒಂದು ಶಾಲೆಯ ಕಾಂಪೌಂಡ್ ಗೋಡೆಗೆ ಅಕ್ಷರ ಬರೆಯುತ್ತಿದ್ದೆ. ಡಬ್ಬಿಯನ್ನು ಎಡಗಾಲಿನ ಪಕ್ಕ ಇಟ್ಟವನು ನಾನೇ. ಒಂದು ಹೆಜ್ಜೆ ಸರಿದವನು ಅದನ್ನೇ ಕಾಲಿನಿಂದ ಒದ್ದೆ. ಅದೇ ವಾರ ಇನ್ನೊಮ್ಮೆ ಹಾಗೇ ಆಯಿತು, ಆ ಸಲ ಟರ್ಪೆಂಟೈನ್. ಹುಡುಗನಾಗಿದ್ದಾಗಿನಿಂದ ಬೋರ್ಡು, ಗೋಡೆ ಬರೆದು ಬದುಕಿದವನು ನಾನು. ಏಣಿಯ ಮೇಲೆ ನಿಂತು, ಡಬ್ಬಿಯ ಕಡೆ ತಿರುಗದೆಯೇ ಬ್ರಷ್ ಅದ್ದುವ ಅಭ್ಯಾಸ. ವಯಸ್ಸಾಯಿತು, ಚಾಳೀಸು ಬಂದಿರಬೇಕು ಎಂದುಕೊಂಡು ಕನ್ನಡಕ ಬರೆಸಿಕೊಳ್ಳಲು ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ಕಣ್ಣಿನೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

"ನಿಮ್ಮ ಮನೇಲಿ ಯಾರಿಗಾದ್ರೂ ಗ್ಲಾಕೋಮಾ ಇತ್ತಾ?"

ಆ ಪದವನ್ನು ನಾನು ಯಾವ ಬೋರ್ಡಿನ ಮೇಲೂ ಬರೆದಿರಲಿಲ್ಲ.

ಕಣ್ಣಿನ ಒಳಗೆ ಪ್ರೆಶರ್ ಏರಿ, ನರ ಸ್ವಲ್ಪ ಸ್ವಲ್ಪವೇ ಸಾಯುವ ಕಾಯಿಲೆಯಂತೆ. ನೋವಿಲ್ಲ, ಕೆಂಪಾಗುವುದಿಲ್ಲ. ಎದುರಿಗಿನದೆಲ್ಲ ಸರಿಯಾಗಿ ಕಾಣುತ್ತಿರುವಾಗಲೇ ಪಕ್ಕದ ನೋಟ ಹೋಗುತ್ತದೆ. ನನಗೆ ಎಡಗಣ್ಣಿನಲ್ಲಿ ಆಗಲೇ ಶುರುವಾಗಿತ್ತು. ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ, ಜೀವನಪೂರ್ತಿ. ಅಷ್ಟೇ ಔಷಧಿ. ಅಷ್ಟನ್ನು ಮಾಡಲು ನನ್ನಿಂದ ಆಗಲಿಲ್ಲ. ಯಾಕೆ ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಅಪ್ಪ ಸೈಕಲ್ ತುಳಿದುಕೊಂಡು ಹೊನ್ನಾಳಿ, ಚನ್ನಗಿರಿ ಕಡೆಯ ಹಳ್ಳಿಗಳಲ್ಲಿದ್ದ ನಮ್ಮ ಕ್ರೈಸ್ತರ ನಾಲ್ಕಾರು ಮನೆಗಳಿಗೆ ಹೋಗಿ ದೇವರ ವಾಕ್ಯ ಹೇಳುತ್ತಿದ್ದವರು. ನಾನು ಹುಟ್ಟಿದಾಗ ಆಶೀರ್ವಾದ ಎಂದು ಹೆಸರಿಟ್ಟು, ಇವನು ನನ್ನ ಬೈಬಲ್ ಚೀಲ ಹೊರುತ್ತಾನೆ ಎಂದರಂತೆ. ನಾನು ಹೊತ್ತದ್ದು ಬಣ್ಣದ ಚೀಲ. ದೇವರು ಒಬ್ಬೊಬ್ಬರಿಗೆ ಕೊಟ್ಟ ಕೈಗುಣಕ್ಕೆ, ಬಾಯಿಗುಣಕ್ಕೆ ನಮ್ಮ ಸಭೆಯಲ್ಲಿ ತಲಾಂತು ಎನ್ನುತ್ತಾರೆ. ಪ್ರಸಂಗ ಮಾಡುವುದು ತಲಾಂತು, ಹಾಡುವುದು ತಲಾಂತು. ಅಂಗಡಿ ಬೋರ್ಡು ಬರೆಯುವುದು ತಲಾಂತು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಶನಿವಾರ ಸಂಜೆ ಉಗುರಿನ ಸಂದಿಯ ಬಣ್ಣವನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ತೆಗೆದು, ಭಾನುವಾರ ಬಿಳಿ ಶರ್ಟು ಹಾಕಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ. ಮುಂದೆ ಮೈಕ್ ಹಿಡಿದವರನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದೆ. ಹೌದು, ಹೊಟ್ಟೆಕಿಚ್ಚೇ.

ಹನಿ ಶುರುಮಾಡಿದ ಮೂರನೇ ವಾರ ಚನ್ನಗಿರಿಯಲ್ಲಿ ಪ್ರಾರ್ಥನಾ ಕೂಟವಿತ್ತು. ಹತ್ತಾರು ಜನ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ನಾನು ಅತ್ತುಬಿಟ್ಟೆ. ಮುಂದಿನ ವಾರ ಚೆಕಪ್‌ಗೆ ಹೋದರೆ ಡಾಕ್ಟರಮ್ಮ, "ಪ್ರೆಶರ್ ನಾರ್ಮಲ್ ಇದೆ, ಔಷಧಿ ಚೆನ್ನಾಗಿ ಕೆಲಸ ಮಾಡ್ತಿದೆ, ಬಿಡಬೇಡಿ" ಎಂದರು. ಮೂರು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ.

ಆ ಭಾನುವಾರ ಎದ್ದು ನಿಂತು ಸಾಕ್ಷಿ ಹೇಳಿದೆ. ದೇವರು ಮಾಡಿದ ಉಪಕಾರವನ್ನು ಸಭೆಯ ಮುಂದೆ ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ವಾಡಿಕೆ. ಕಣ್ಣು ಗುಣವಾಯಿತು ಎಂದೆ. ಹೆಂಗಸರು ಸ್ತೋತ್ರ ಸ್ತೋತ್ರ ಎಂದರು. ಮೈಕ್ ಕೈಯಲ್ಲಿ ಬೆಚ್ಚಗಿತ್ತು. ನನ್ನ ಪಾಸ್ಟರ್ ಮೇಲೆ ತಪ್ಪು ಹೊರಿಸಲಾರೆ. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಔಷಧಿ ಹಾಕ್ತಿರು ಆಶೀರ್ವಾದ, ಡಾಕ್ಟರೂ ದೇವರ ಕೈಯೇ" ಎಂದೇ ಹೇಳಿದ್ದರು. ಆದರೆ ಗುಣವಾಯಿತು ಎಂದು ಸಾರಿದವನು ಮನೆಯಲ್ಲಿ ಕೂತು ಹನಿ ಹಾಕಿಕೊಂಡರೆ ಆ ಸಾಕ್ಷಿಗೆ ಏನು ಬೆಲೆ? ನಾನು ಬಿಟ್ಟೆ.

ನನ್ನ ಹೆಂಡತಿ ಸುಗುಣ ಬಾಟಲಿಯನ್ನು ಗಡಿಯಾರದ ಕೆಳಗಿನ ಹಲಗೆಯ ಮೇಲೆ ಕಣ್ಣಿಗೆ ಕಾಣುವ ಹಾಗೆ ಇಟ್ಟಳು.

"ಹಾಕ್ಕೊಂಡ್ರೆ ದೇವ್ರಿಗೇನು ಬೇಜಾರಾಗ್ತತಾ ರೀ?"

"ನಿಂಗೆ ನಂಬಿಕೆ ಕಮ್ಮಿ."

"ಇರ್ಲಿ ಬಿಡ್ರಿ. ಎಲ್ಲಾರೂ ಪಲ್ಲಕ್ಕಿ ಹತ್ತಿದ್ರೆ ಹೊರಾಕೆ ಒಬ್ರು ಬೇಕಲ್ಲ, ನಾನೇ ಹೊರ್ತೀನಿ."

ಅವಳು ಹೇಳಿದ್ದು ಮೈಕಿನ ವಿಷಯ ಎಂದು ನನಗೆ ಗೊತ್ತಾಗಿತ್ತು. ಗೊತ್ತಾಗದವನಂತೆ ಶರ್ಟಿಗೆ ಇಸ್ತ್ರಿ ಮಾಡಿಕೊಂಡೆ. ಆಗಲೇ ಸಾಕ್ಷಿ ಹೇಳಲು ಹೊನ್ನಾಳಿಯಿಂದ ಕರೆ ಬಂದಿತ್ತು, ಆಮೇಲೆ ಕೆರೆಬಿಳಚಿಯ ಒಂದು ಮನೆಯ ಕೂಟ. ಹೋದಲ್ಲೆಲ್ಲ ನನ್ನನ್ನು 'ಬ್ರದರ್' ಎಂದರು. ಪೇಂಟರ್ ಎಂದು ಯಾರೂ ಕರೆಯಲಿಲ್ಲ. ಬ್ರಷ್‌ಗಳು ಡಬ್ಬಿಯಲ್ಲೇ ಒಣಗಿ ಕಟ್ಟಿಗೆಯಾದವು. ಅಪ್ಪ ಬಯಸಿದ ಮಗ ಕಡೆಗೂ ನಾನಾದೆ ಎಂದುಕೊಂಡೆ.

ಜಗಳೂರಿನ ಕಡೆಯ ಹಳ್ಳಿಯೊಂದರಲ್ಲಿ ನನ್ನ ಮಾತು ಮುಗಿದ ಮೇಲೆ ಒಬ್ಬ ಹೆಂಗಸು ಹತ್ತಿರ ಬಂದರು. ಮಾರ್ಥಮ್ಮ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ವಿಧವೆ.

"ಬ್ರದರ್, ನಂಗೂ ಇದೇ ಕಣ್ಣಿನ ಪ್ರೆಶರ್ ಐತೆ. ನೀವು ಔಷಧಿ ಬಿಟ್ಟೇಬಿಟ್ರಾ?"

ಸುತ್ತ ಜನ ನಿಂತಿದ್ದರು. ಮೈಕ್ ಇನ್ನೂ ನನ್ನ ಕೈಯಲ್ಲೇ ಇತ್ತು.

"ನಂಬಿಕೆ ಇದ್ರೆ ಸಾಕಮ್ಮಾ" ಎಂದೆ.

ಆ ಒಂದು ಮಾತನ್ನು ವಾಪಸ್ ತೆಗೆದುಕೊಳ್ಳಲು ಸಾಧ್ಯವಿದ್ದರೆ ಉಳಿದಿರುವ ಕಣ್ಣನ್ನೂ ಕೊಟ್ಟೇನು.

ಒಂದು ವರ್ಷ ಕಳೆಯಿತು. ಬಾಗಿಲಿನ ಚೌಕಟ್ಟು ಭುಜಕ್ಕೆ ಬಡಿಯತೊಡಗಿತು. ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಮೆಟ್ಟಿಲು ತಪ್ಪಿ ಮಂಡಿ ತರಚಿತು. ಎಡಗಡೆಯಿಂದ ಬಂದವರು ನನ್ನ ಪಕ್ಕದಲ್ಲಿ ಇದ್ದಕ್ಕಿದ್ದ ಹಾಗೆ ಪ್ರತ್ಯಕ್ಷವಾಗುತ್ತಿದ್ದರು. ನನಗೆ ಗೊತ್ತಿತ್ತು. ಕಾಯಿಲೆ ಬಂದದ್ದು ಗೊತ್ತಿಲ್ಲದೆ ಕಣ್ಣು ಕಳೆದುಕೊಳ್ಳುವವರಿದ್ದಾರೆ, ಅವರದು ದುರದೃಷ್ಟ. ನಾನು ಗೊತ್ತಿದ್ದೂ, ಹೇಳಿದ ಸಾಕ್ಷಿ ಸುಳ್ಳಾಗಬಾರದೆಂದು ಬಾಯಿ ಮುಚ್ಚಿಕೊಂಡು ಕಳೆದುಕೊಂಡೆ. ದೇವರ ಮರ್ಯಾದೆ ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಉಳಿಸುತ್ತಿದ್ದದ್ದು ನನ್ನದನ್ನು. ದೇವರಿಗೆ ನನ್ನ ಸುಳ್ಳಿನ ಆಸರೆ ಬೇಕಿರಲಿಲ್ಲ.

ಬಯಲಾದದ್ದು ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ದಿನ. ದ್ರಾಕ್ಷಾರಸದ ಪುಟ್ಟ ಲೋಟಗಳ ತಟ್ಟೆ ಸಾಲಿನಲ್ಲಿ ಕೈಯಿಂದ ಕೈಗೆ ದಾಟುತ್ತ ಎಡಗಡೆಯಿಂದ ಬಂತು. ನನಗೆ ಕಾಣಲಿಲ್ಲ. ಹಾಡಿನ ಪುಸ್ತಕ ತೆಗೆಯಲು ತಿರುಗಿದವನ ಮೊಣಕೈ ತಗುಲಿ ಇಡೀ ತಟ್ಟೆ ಮಗುಚಿತು.

ಬಿಳಿ ಶರ್ಟು ಪೂರ್ತಿ ಕೆಂಪು.

ಎಲ್ಲರೂ ಪರವಾಗಿಲ್ಲ, ಪರವಾಗಿಲ್ಲ ಎಂದರು. ಮರುದಿನ ಬೆಳಿಗ್ಗೆ ಸುಗುಣ ಸೀರೆ ಉಟ್ಟು, ಆಸ್ಪತ್ರೆಯ ಹಳೆಯ ಫೈಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಆಸ್ಪತ್ರೆಯಲ್ಲಿ ಪಕ್ಕದ ನೋಟ ಅಳೆಯುವ ಫೀಲ್ಡ್ ಟೆಸ್ಟ್ ಮಾಡಿದರು. ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಬಟನ್ ಒತ್ತಬೇಕು. ಬಹಳ ಹೊತ್ತು ಏನೂ ಕಾಣಲಿಲ್ಲ. ಯಂತ್ರ ಕೆಟ್ಟಿದೆಯೇ ಎಂದು ಕೇಳಿದೆ. ಟೆಕ್ನಿಷಿಯನ್ ಹುಡುಗಿ ಮೆಲ್ಲಗೆ, "ಚುಕ್ಕಿ ಬರ್ತಾನೇ ಇದಾವೆ ಅಂಕಲ್" ಎಂದಳು. ಯಂತ್ರ ಅಚ್ಚು ಹಾಕಿ ಕೊಟ್ಟ ಎಡಗಣ್ಣಿನ ಕಾಗದ ಹೆಚ್ಚುಕಡಿಮೆ ಪೂರ್ತಿ ಕಪ್ಪು, ಕಪ್ಪೆಂದರೆ ಕಾಣದ ಜಾಗ. ಬಲಗಣ್ಣಿನದರಲ್ಲಿ ನಡುವೆ ಒಂದಿಷ್ಟು ಬಿಳಿ ಉಳಿದಿತ್ತು.

"ಹೋದದ್ದು ಬರಲ್ಲ," ಎಂದರು ಡಾಕ್ಟರಮ್ಮ. "ಉಳಿದದ್ದನ್ನ ಉಳಿಸ್ಕೊಳ್ಳೋಣ." ಆಮೇಲೆ ಫೈಲು ತಿರುವಿ, "ಯಾಕೆ ಬಿಟ್ರಿ?" ಎಂದರು.

ಊರೂರು ತಿರುಗಿ ಮಾತಾಡಿದವನು ಹೊಸ ಹನಿಯ ಚೀಟಿಗೆ ಕೈ ಚಾಚಿದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ಕಣ್ಣಿನ ಚಿಂತೆ ಬರಲಿಲ್ಲ, ಮಾರ್ಥಮ್ಮನ ಮುಖ ಬಂತು. ಮುಂದಿನ ಭಾನುವಾರ ಸಭೆಯಲ್ಲಿ ನಿಂತು, ನನಗೆ ಗುಣವಾಗಿರಲಿಲ್ಲ, ಔಷಧಿಯಿಂದ ಇಳಿದ ಪ್ರೆಶರನ್ನು ಅದ್ಭುತವೆಂದು ಸಾರಿದ್ದೆ, ನನ್ನ ಮಾತು ಕೇಳಿ ಯಾರಾದರೂ ಔಷಧಿ ಬಿಟ್ಟಿದ್ದರೆ ಇವತ್ತೇ ಶುರುಮಾಡಿ ಎಂದೆ. ಸ್ತೋತ್ರ ಎಂದು ಯಾರೂ ಕೂಗಲಿಲ್ಲ. ಆ ವಾರವೇ ಸುಗುಣಳ ಜೊತೆ ಜಗಳೂರಿನ ಬಸ್ಸು ಹತ್ತಿದೆ.

ಮಾರ್ಥಮ್ಮ ಏಳು ತಿಂಗಳು ಹನಿ ಬಿಟ್ಟಿದ್ದರು. ಒಂದು ಕಣ್ಣು ಹೋಗಿತ್ತು. ಅಕ್ಕಿಯಲ್ಲಿನ ಕಲ್ಲು ಕಾಣುವುದಿಲ್ಲವೆಂದು ಬಿಸಿಯೂಟದ ಕೆಲಸವನ್ನೂ ಬಿಟ್ಟಿದ್ದರು. ನಾನು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದರು.

"ನಂಗೆ ನಿಮ್ಮ ಮ್ಯಾಲೆ ಸಿಟ್ಟೈತ್ರಿ," ಎಂದರು. "ಇಲ್ಲ ಅಂದ್ರೆ ಸುಳ್ಳಾಗ್ತತೆ. ಸುಳ್ಳು ಹೇಳಿದ್ರೆ ಹೆಂಗಾಗ್ತತೆ ಅಂತ ಇಬ್ರಿಗೂ ಗೊತ್ತಾತಲ್ಲ."

ಸುಗುಣ ಕೇಳಿದಳು: "ಈಗ ಹಾಕ್ಕಣ್ತಿದೀರೇನಮ್ಮಾ?"

"ಹಾಕ್ಕಣ್ತೀನಿ. ಎರಡು ಬಾಟ್ಲಿ ಕೊಟ್ಟಾರೆ. ಹಳದಿ ಮುಚ್ಚಳದ್ದು ಎರಡು ಹೊತ್ತು, ಬಿಳೇದು ಸಂಜಿಗೆ ಮಾತ್ರ ಅಂತಾರೆ. ನಂಗೆ ಓದಾಕೆ ಬರಲ್ಲ. ಒಂದಿನ ನೆನಪಿದ್ರೆ ಒಂದಿನ ಇರಲ್ಲ."

ನಾನು ಎದ್ದೆ. ಜಗಳೂರಿಗೆ ಹೋಗಿ ಮೂರು ಸಣ್ಣ ಡಬ್ಬಿ ಬಣ್ಣ, ಎರಡು ಬ್ರಷ್ ತಂದೆ. ಅಡುಗೆಮನೆಯ ಗೋಡೆಯ ಮೇಲೆ ಒಂದು ದೊಡ್ಡ ಸೂರ್ಯ, ಪಕ್ಕದಲ್ಲಿ ಹಳದಿ ಮುಚ್ಚಳದ ಬಾಟಲಿ. ಕೆಳಗೆ ಒಂದು ದೀಪ, ಅದರ ಪಕ್ಕ ಹಳದಿಯದೂ ಬಿಳಿಯದೂ. ಗೆರೆ ಒಂದೇ ಸಮನೆ ಎಡಕ್ಕೆ ಜಾರುತ್ತಿತ್ತು. ಸುಗುಣ ನನ್ನ ಮೊಣಕೈ ಹಿಡಿದು, "ಬಲಕ್ಕೆ ರೀ, ಇನ್ನೂ ಸ್ವಲ್ಪ ಬಲಕ್ಕೆ" ಎನ್ನುತ್ತಿದ್ದಳು. ನನ್ನ ಹಳೆಯ ಕೈಯಾಗಿದ್ದರೆ ಅರ್ಧ ಗಂಟೆಯ ಕೆಲಸ, ಮಧ್ಯಾಹ್ನವೆಲ್ಲ ಹಿಡಿಯಿತು. ಬಣ್ಣದ ವಾಸನೆ ಮೂಗಿಗೆ ಬಡಿದಾಗ ಅಳು ಬಂತು. ದೇವರು ನನಗೆ ಏನು ಕೊಟ್ಟಿದ್ದನೋ ಅದನ್ನು ಸೀಮೆಎಣ್ಣೆ ಹಾಕಿ ತೊಳೆಯುತ್ತಿದ್ದೆನಲ್ಲ, ಅಷ್ಟು ವರ್ಷ.

ಮಾರ್ಥಮ್ಮ ಗೋಡೆಯ ಹತ್ತಿರ ಮುಖ ತಂದು, ಕತ್ತು ಓರೆ ಮಾಡಿ ನೋಡಿದರು.

"ಕಾಣ್ತತೆ," ಎಂದರು. ಬೆರಳಿನಿಂದ ಚಿತ್ರದ ಬುಡ ತೋರಿಸಿ, "ಕೆಳಗೆ ನಿಮ್ಮ ಹೆಸರು ಬರೀರಿ."

"ಬ್ಯಾಡಮ್ಮಾ, ನನ್ನ ಹೆಸರು ಯಾಕೆ?"

"ಅವತ್ತು ಹೇಳಿದವ್ರೂ ನೀವೇ, ಇವತ್ತು ಬರೆದವ್ರೂ ನೀವೇ. ಹೆಸರು ಹಾಕೇ ಹೋಗ್ರಿ."

ಹಿಂದೆ ಪ್ರತಿ ಬೋರ್ಡಿನ ಮೂಲೆಯಲ್ಲಿ ಬರೆಯುತ್ತಿದ್ದ ಹಾಗೆಯೇ ಸಣ್ಣದಾಗಿ ಬರೆದೆ: ಆಶೀರ್ವಾದ, ನ್ಯಾಮತಿ. ಕೊನೆಯ ಅಕ್ಷರ ಸ್ವಲ್ಪ ಕೆಳಗಿಳಿಯಿತು. ಹಾಗೇ ಬಿಟ್ಟೆ.

ಅಷ್ಟರಲ್ಲಿ ಸಂಜೆಯಾಗಿತ್ತು. ಸುಗುಣ ಕೈಚೀಲದಿಂದ ನನ್ನ ಬಾಟಲಿ ತೆಗೆದಳು, ಮಾರ್ಥಮ್ಮ ಗೂಡಿನಿಂದ ತಮ್ಮ ಎರಡನ್ನೂ ತಂದರು. ಬಣ್ಣ ಇನ್ನೂ ಹಸಿಯಾಗಿದ್ದ ದೀಪದ ಚಿತ್ರದ ಕೆಳಗೆ ಇಬ್ಬರೂ ಕತ್ತು ಮೇಲೆತ್ತಿ ಕೂತೆವು. ಸುಗುಣ ಮೊದಲು ಅವರಿಗೆ ಹಾಕಿದಳು, ಆಮೇಲೆ ನನಗೆ.