ಸಿರಿಲ್ ಮಾವನ ಮೊದಲ ಸೀಲ್

ನಮ್ಮೂರಿನ ಗಂಡಸರಲ್ಲಿ ಅರ್ಧದಷ್ಟು ಜನ ಕಡಲಿನ ಬೇಟೆಯಲ್ಲಿ ತಮ್ಮ ಮೊದಲ ಸೀಲ್ ಪ್ರಾಣಿಯನ್ನು ಹೊಡೆದದ್ದು ಸಿರಿಲ್ ಮಾವನ ದೋಣಿಯಲ್ಲಿ. ಆದರೆ ಮಾವ ಮಾತ್ರ ತಲೆ ನರೆಯುವ ವಯಸ್ಸಾದರೂ ಒಂದು ಸೀಲನ್ನೂ ಹೊಡೆದಿರಲಿಲ್ಲ.

ಅವನಿಗೆ ಗುರಿ ಬರುತ್ತಿರಲಿಲ್ಲ ಎಂದಲ್ಲ. ಎಂಜಿನ್ನಿನ ಹಿಡಿ ಹಿಡಿದವನು ಕೋವಿ ಮುಟ್ಟಬಾರದು ಎಂಬುದು ಅವನ ನಿಯಮ. ಬೇರಿಂಗ್ ಸಮುದ್ರದಲ್ಲಿ ವಸಂತ ಬಂತೆಂದರೆ ಮಂಜುಗಡ್ಡೆಯ ಹಾಸುಗಳು ಒಡೆದು ಮನೆಯಗಲದ ತುಂಡುಗಳಾಗಿ ಅಲೆಯುತ್ತವೆ. ಎರಡು ತುಂಡುಗಳ ನಡುವೆ ದೋಣಿ ಸಿಕ್ಕಿಕೊಂಡರೆ ಅಲ್ಯೂಮಿನಿಯಂ ತಗಡು ಕಾಗದದಂತೆ ಮಡಚಿಕೊಳ್ಳುತ್ತದೆ. ಹಾಗಾಗಿ ಎಲ್ಲರ ಕಣ್ಣು ಸೀಲ್ ಮೇಲಿದ್ದಾಗ ಮಾವನ ಕಣ್ಣು ಮಂಜುಗಡ್ಡೆಯ ಮೇಲಿರುತ್ತಿತ್ತು. ಅವನ ಜೊತೆ ಹೋದವರು ಎಲ್ಲರೂ ಮನೆಗೆ ಬಂದಿದ್ದಾರೆ. ಅದಕ್ಕೇ ಊರಿನ ತಾಯಂದಿರು ಮಗ ಬೇಟೆಗೆ ಹೊರಟನೆಂದರೆ, "ಸಿರಿಲ್ ದೋಣಿಯಲ್ಲಾ?" ಎಂದು ಕೇಳಿಯೇ ಬುತ್ತಿ ಕಟ್ಟುತ್ತಿದ್ದರು.

ಅವನ ದೋಣಿ ಹತ್ತಿದವರು ಲೈಫ್ ಜಾಕೆಟ್ ಹಾಕಲೇಬೇಕು. ಹಾಕಿದರೆ ಸಾಲದು, ಅವನು ಬಂದು ಒಂದೊಂದು ಪಟ್ಟಿಯನ್ನೂ ಜಗ್ಗಿ ನೋಡುತ್ತಿದ್ದ. ದೋಣಿಯ ಮುಂತುದಿಯಲ್ಲಿ ಒಬ್ಬನೇ ಬೇಟೆಗಾರ, ಅವನೂ ಮಂಡಿಯೂರಿ. ಕೋವಿಗೆ ಗುಂಡು ತುಂಬುವುದು ಅಲ್ಲಿ ಕೂತ ಮೇಲೆಯೇ. ಎಂಜಿನ್ ನಿಲ್ಲುವ ಮೊದಲು ಗುಂಡು ಹಾರಿಸುವಂತಿಲ್ಲ. ಎಂಜಿನ್ ನಡೆಸುವವನ ಮಣಿಕಟ್ಟಿಗೆ ಒಂದು ಕೆಂಪು ದಾರ, ಅದರ ಇನ್ನೊಂದು ತುದಿ ಎಂಜಿನ್ನಿಗೆ. ಅವನೇನಾದರೂ ನೀರಿಗೆ ಬಿದ್ದರೆ ದಾರ ಕಿತ್ತು ಬಂದು ಎಂಜಿನ್ ತಾನಾಗಿ ನಿಲ್ಲುತ್ತದೆ, ದೋಣಿ ಅವನನ್ನು ಬಿಟ್ಟು ಓಡಿಹೋಗುವುದಿಲ್ಲ.

"ಈ ವಯಸ್ಸಲ್ಲಿ ನಾಯಿ ಥರ ಹಗ್ಗ ಕಟ್ಕೊಂಡು ಕೂರ್ತೀಯಲ್ಲ ಬಾವ, ಬೊಗಳೋದೂ ಕಲ್ತಿದ್ದೀಯಾ?" ಎಂದು ಕೆಣಕುತ್ತಿದ್ದವನು ಫೇಬಿಯನ್.

ಫೇಬಿಯನ್ ಮಾವನ ಸೋದರತ್ತೆಯ ಮಗ. ನಮ್ಮಲ್ಲಿ ಬಾವಂದಿರು ಒಬ್ಬರನ್ನೊಬ್ಬರು ಗೇಲಿ ಮಾಡದಿದ್ದರೆ ಏನೋ ಮನಸ್ತಾಪವಾಗಿದೆ ಎಂದೇ ಲೆಕ್ಕ. ಊರಿಗೆಲ್ಲ ಒಳ್ಳೆಯ ಗುರಿಕಾರ ಫೇಬಿಯನ್, ಊರಿಗೆಲ್ಲ ದೊಡ್ಡ ಬಾಯಿಯೂ ಅವನದೇ. ಸೀಲ್ ಕಂಡರೆ ಸಾಕು, ಮೈಮೇಲೆ ಪ್ರಜ್ಞೆ ಇರುತ್ತಿರಲಿಲ್ಲ.

ಮಾವನ ತಾಯಿ ಥೆಕ್ಲಾ ಅಜ್ಜಿಯ ಮಂಚದ ಕೆಳಗೆ ಎರಡು ಟ್ರಂಕುಗಳಿದ್ದವು. ಮಗ ಮೊದಲ ಸೀಲ್ ತಂದ ದಿನ ತಾಯಿ ಮನೆಯ ಜಗಲಿ ಮೇಲೆ ನಿಂತು ಊರಿನ ಹೆಂಗಸರತ್ತ ಉಡುಗೊರೆಗಳನ್ನು ಎಸೆಯಬೇಕು. ಬಟ್ಟೆ, ಸೋಪು, ಚಮಚ, ಮಿಠಾಯಿ, ಸೂಜಿ, ಏನಾದರೂ ಸರಿ. ಸಂಬಂಧಿಕರಲ್ಲದ ಹೆಂಗಸರಿಗೆ ಮಾತ್ರ ಹಿಡಿಯುವ ಹಕ್ಕು. ಮಾವ ತೊಟ್ಟಿಲಲ್ಲಿದ್ದಾಗಲೇ ಅಜ್ಜಿ ಟ್ರಂಕು ತುಂಬಿಸಲು ಶುರುಮಾಡಿದ್ದಳು. ಬೇರೆಯವರ ಜಗಲಿಯೆದುರು ತಾನು ಹಿಡಿದದ್ದನ್ನೂ ಅದರಲ್ಲೇ ಇಡುತ್ತಿದ್ದಳು. ಸೋಪುಗಳು ಒಣಗಿ ಬಿರುಕುಬಿಟ್ಟಿದ್ದವು. ಮಿಠಾಯಿಗಳನ್ನು ಎಷ್ಟೋ ಸಲ ಬದಲಾಯಿಸಿದ್ದಳು.

ಈ ಸಲ ಚಳಿಗಾಲ ಕಳೆಯುವ ಹೊತ್ತಿಗೆ ಅಜ್ಜಿಯ ಬಲಭುಜ ಹಿಡಿದುಕೊಂಡಿತು. ಒಂದು ಬೆಳಿಗ್ಗೆ ಚಹಾ ಬಗ್ಗಿಸಲು ಕೆಟಲ್ ಎತ್ತಿದಳು, ಅರ್ಧಕ್ಕೇ ಇಳಿಸಿದಳು. ಮೇಜಿನ ಸುತ್ತ ಮಾವ, ಫೇಬಿಯನ್, ನಾನು ಕೂತಿದ್ದೆವು. ನಾನು ಮಾವನ ತಂಗಿಯ ಮಗಳು.

"ನೋಡು ಸಿರಿಲ್, ಮುಂದಿನ ವರ್ಷ ಈ ಕೈ ಮೇಲೇಳಲ್ಲ" ಎಂದಳು. "ನಾನೇ ಎಸೀಬೇಕು. ನನ್ನ ಬದಲು ಇನ್ಯಾರೋ ನಿಂತು ಎಸೆದ್ರೆ ಅದು ನನ್ನ ಹಬ್ಬ ಅಲ್ಲ."

ಮಾವ ಒಣಮೀನನ್ನು ಸೀಲ್ ಎಣ್ಣೆಯಲ್ಲಿ ಅದ್ದಿ ಹಾಗೇ ಹಿಡಿದುಕೊಂಡಿದ್ದ. "ಎಂಜಿನ್ ಹಿಡಿ ಯಾರ ಕೈಗೆ ಕೊಡ್ಲಮ್ಮ?"

"ನನ್ನ ಕೈಗೆ ಕೊಡು!" ಎಂದ ಫೇಬಿಯನ್.

ನಾನು ನಕ್ಕುಬಿಟ್ಟೆ. ಹಿಂದೊಮ್ಮೆ ಮಾವನಿಗೆ ಜ್ವರ ಬಂದಾಗ ಫೇಬಿಯನ್ ಕೆಂಪು ದಾರವನ್ನೂ ಕಟ್ಟಿಕೊಳ್ಳದೆ ದೋಣಿ ನಡೆಸಿದ್ದ. ಸೀಲ್ ಕಂಡ ಕೂಡಲೇ ಎರಡೂ ಕೈ ಎತ್ತಿ ತೋರಿಸಿದ್ದ. ದೋಣಿ ನೇರ ಮಂಜುಗಡ್ಡೆಗೆ ಹೋಗಿ ಗುದ್ದಿತ್ತು.

"ನಗ್ಬೇಡ್ವೇ ಹುಡುಗಿ" ಎಂದಳು ಅಜ್ಜಿ. "ಫೇಬಿಯನ್, ಬಾಯಿ ಮುಚ್ಕೊಂಡು ಕೂರ್ತೀಯೇನೋ?"

"ಮುಚ್ಕೋತೀನಿ ಅತ್ತೆ. ಬೇಕಾದ್ರೆ ಹೊಲಿದುಬಿಡಿ. ನಿಮ್ಮತ್ರ ಸೂಜಿ ಇದೆಯಲ್ಲ, ಟ್ರಂಕ್ ತುಂಬಾ!"

ಮೇ ತಿಂಗಳ ಒಂದು ಬೆಳಿಗ್ಗೆ ಗಾಳಿ ಬಿದ್ದುಹೋಗಿ ಸಮುದ್ರ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ನಾವು ಮೂವರು ಹೊರಟೆವು. ಮಧ್ಯದಲ್ಲಿ ಕೂತು ಈಟಿಯ ಹಗ್ಗ ಸಿಕ್ಕಾಗದಂತೆ, ಯಾರ ಕಾಲಿಗೂ ಸುತ್ತದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮಾವ ನಮ್ಮಿಬ್ಬರ ಜಾಕೆಟ್ ಪಟ್ಟಿ ಜಗ್ಗಿ ನೋಡಿದ. ಮಂಜುಗಡ್ಡೆಯ ಅಂಚಿನವರೆಗೆ ತಾನೇ ನಡೆಸಿದ. ಅಲ್ಲಿ ಎಂಜಿನ್ ನಿಲ್ಲಿಸಿ, ಕೆಂಪು ದಾರವನ್ನು ಬಿಚ್ಚಿ ಫೇಬಿಯನ್ನನ ಮಣಿಕಟ್ಟಿಗೆ ಕಟ್ಟಿದ. ಗಂಟನ್ನು ಮತ್ತೊಮ್ಮೆ ಬಿಗಿದ.

"ಬೊಗಳ್ಲಾ?" ಎಂದ ಫೇಬಿಯನ್.

"ಇವತ್ತು ಒಂದು ದಿನ ಬೇಡ" ಎಂದ ಮಾವ. ದೋಣಿಯ ಮುಂತುದಿಗೆ ತೆವಳಿಕೊಂಡು ಹೋಗಿ, ಮಂಡಿಯೂರಿ ಕೂತು, ಕೋವಿಗೆ ಗುಂಡು ತುಂಬಿದ. ಅಷ್ಟು ವರ್ಷ ಬೇರೆಯವರ ಬೆನ್ನು ನೋಡಿಕೊಂಡಿದ್ದ ಜಾಗದಲ್ಲಿ ಈಗ ಅವನ ಬೆನ್ನೇ ಕಾಣುತ್ತಿತ್ತು. ಅದು ನೆಟ್ಟಗೆ ನಿಲ್ಲುತ್ತಿರಲಿಲ್ಲ, ಪದೇ ಪದೇ ಹಿಂದಕ್ಕೆ ತಿರುಗುತ್ತಿತ್ತು.

"ಬಲಕ್ಕೆ ಗಡ್ಡೆ ಇದೆ ಬಾವ."

"ಕಣ್ಣಿದೆ ನಂಗೆ."

"ನಿಧಾನ."

"ಇನ್ನೂ ನಿಧಾನ ಮಾಡಿದ್ರೆ ಹಿಂದಕ್ಕೆ ಹೋಗ್ತೀವಿ ಮಾರಾಯ! ಮುಂದೆ ನೋಡು!"

ನಿಜ ಹೇಳಬೇಕೆಂದರೆ ಫೇಬಿಯನ್ ಚೆನ್ನಾಗಿಯೇ ನಡೆಸುತ್ತಿದ್ದ. ಎರಡು ಹಾಸುಗಳ ನಡುವಿನ ನೀರಿನ ದಾರಿ ಹಿಡಿದು ಒಳಗೆ ಹೋದೆವು. ಚಹಾ ಕುಡಿದೆವು, ದಪ್ಪ ಬಿಸ್ಕತ್ತು ಕಡಿದೆವು. ಬಾತುಕೋಳಿಗಳ ಸಾಲು ತಲೆಯ ಮೇಲೆ ಹಾದುಹೋಯಿತು. ನೀರು ಖಾಲಿ. ಸೂರ್ಯ ಪಡುವಣಕ್ಕೆ ವಾಲಿದ. ಇನ್ನು ತಿರುಗಿ ಹೋಗಬೇಕೇನೋ ಎಂದು ನನಗನ್ನಿಸಿತು.

ಆಗ ಎಡಗಡೆ, ದೂರದಲ್ಲಿ, ಕಪ್ಪು ತಲೆಯೊಂದು ಎದ್ದಿತು. ಉದ್ದನೆಯ ಬಿಳಿ ಮೀಸೆ. ಗಡ್ಡದ ಸೀಲ್! ನಮ್ಮ ಕಡೆಯ ಸೀಲ್‌ಗಳಲ್ಲೇ ದೊಡ್ಡದು, ಒಂದೇ ಸಾಕು, ಊರಿಗೆಲ್ಲ ಹಂಚಬಹುದು. ಅದು ನಮ್ಮನ್ನು ನೋಡಿ ಮುಳುಗಿತು.

ಫೇಬಿಯನ್ ಬಾಯಿ ಬಿಗಿಹಿಡಿದಿದ್ದ. ಕೆನ್ನೆ ಉಬ್ಬಿತ್ತು, ಕಣ್ಣು ಹೊರಬೀಳುವಂತಿತ್ತು. ಬಾಯಿ ಮುಚ್ಚಿಕೊಳ್ಳುತ್ತೇನೆಂದು ಅಜ್ಜಿಗೆ ಮಾತು ಕೊಟ್ಟಿದ್ದನೇ ಹೊರತು ಕೈ ಕಟ್ಟಿಕೊಳ್ಳುತ್ತೇನೆಂದು ಕೊಟ್ಟಿರಲಿಲ್ಲ. ಸೀಲ್ ಮತ್ತೆ ಎದ್ದದ್ದೇ ತಡ, ಎರಡೂ ಕೈಗಳನ್ನು ಬೀಸಿ ತೋರಿಸಿದ. ಪಟಕ್ಕನೆ ಕೆಂಪು ದಾರ ಕಿತ್ತು ಬಂತು. ಎಂಜಿನ್ ಸತ್ತಿತು.

ಥಟ್ಟನೆ ಏನೂ ಸದ್ದಿಲ್ಲ. ದೋಣಿ ತನ್ನ ಓಟದಲ್ಲೇ ಮೆಲ್ಲಗೆ ಜಾರುತ್ತಿತ್ತು, ಅದರ ಹೊಟ್ಟೆಗೆ ನೀರು ತಟ್ಟುವ ಸದ್ದು ಮಾತ್ರ. ಸೀಲ್ ಮತ್ತೆ ಮುಳುಗಿ ಎಲ್ಲಿ ಹೋಯಿತೋ ಏನೋ. ಅಷ್ಟರಲ್ಲಿ, ಸದ್ದು ಮಾಡುತ್ತಿದ್ದದ್ದು ಇದ್ದಕ್ಕಿದ್ದಂತೆ ಏಕೆ ಸುಮ್ಮನಾಯಿತು ಎಂದು ನೋಡಲು ಬಂದಂತೆ ಅದು ನಮ್ಮೆದುರಿಗೇ ತಲೆ ಎತ್ತಿತು. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಮಾವ ಗುಂಡು ಹಾರಿಸಿದ.

"ಬಿತ್ತು! ಬಿತ್ತು! ಬಿತ್ತು!" ಫೇಬಿಯನ್ನನ ಬಾಯಿಯ ಹೊಲಿಗೆ ಬಿಚ್ಚಿಹೋಗಿತ್ತು. "ಈಟಿ ಹಿಡಿ ಬಾವ, ಮುಳುಗುತ್ತೆ!"

ಮಂಜು ಕರಗುವ ಕಾಲದಲ್ಲಿ ಸಮುದ್ರದ ಮೇಲ್ಪದರ ಸಿಹಿನೀರು, ಹೊಡೆದ ಸೀಲ್ ಅದರಲ್ಲಿ ತೇಲಿ ನಿಲ್ಲುವುದಿಲ್ಲ. ಬೇಗ ಹೋಗಿ ಈಟಿ ನೆಡಬೇಕು. ಈಟಿಯ ಹಗ್ಗದ ತುದಿಗೆ ಕಿತ್ತಳೆ ಬಣ್ಣದ ತೇಲುಚೆಂಡು ಇರುತ್ತದೆ, ಈಟಿ ನೆಟ್ಟರೆ ಸೀಲ್ ಎಲ್ಲಿಗೂ ಹೋಗುವುದಿಲ್ಲ. ಫೇಬಿಯನ್ ಎಂಜಿನ್ನಿನ ಹಗ್ಗ ಎಳೆದ. ಎಂಜಿನ್ ಶುರುವಾಗಲಿಲ್ಲ. ಮತ್ತೆ ಎಳೆದ. ಬೈದ. ಒಂದು ದೊಡ್ಡ ಮಂಜಿನ ತುಂಡು ನಮಗೂ ಸೀಲಿಗೂ ನಡುವೆ ತೇಲಿಬರುತ್ತಿತ್ತು. ಸೀಲಿನ ಬೆನ್ನು ನೀರಿನೊಳಗೆ ಜಾರುತ್ತಿತ್ತು.

ಮಾವ ಗುಂಡು ತೆಗೆದು ಕೋವಿಯನ್ನು ಕೆಳಗಿಟ್ಟು, ಅರ್ಧ ಎದ್ದು ಹಿಂದಕ್ಕೆ ತಿರುಗಿದ. ಒಂದು ಕೈ ಆಗಲೇ ಎಂಜಿನ್ನಿನ ಕಡೆ ಚಾಚಿತ್ತು. ಅವನು ಹಿಡಿಗೆ ಬಂದರೆ ದೋಣಿ ಸರಿಯಾಗಿ ಹೋಗುತ್ತಿತ್ತು, ಆದರೆ ಈಟಿ ಎಸೆಯುವವನು ಫೇಬಿಯನ್ ಆಗುತ್ತಿದ್ದ. ನಮ್ಮಲ್ಲಿ ಯಾರೇ ಗುಂಡು ಹೊಡೆದರೂ ಸೀಲ್ ಮಾತ್ರ ಈಟಿ ನೆಟ್ಟವನದು. ಅದು ಅವನ ಪಾಲಾಗುತ್ತಿತ್ತು, ಅಜ್ಜಿಯ ಟ್ರಂಕುಗಳು ಮಂಚದಡಿಯಲ್ಲೇ ಉಳಿಯುತ್ತಿದ್ದವು. ಇದು ಮೂವರಿಗೂ ಗೊತ್ತಿತ್ತು.

ಮಾವ ಕೈ ಹಿಂದಕ್ಕೆ ತೆಗೆದುಕೊಂಡ. ಮತ್ತೆ ಮಂಡಿಯೂರಿದ.

"ಬಾವ" ಎಂದ, ಮೆತ್ತಗೆ. "ಕೆಂಪು ದಾರ."

ಫೇಬಿಯನ್ ತನ್ನ ಮಣಿಕಟ್ಟು ನೋಡಿಕೊಂಡ. ದಾರದ ತುದಿಯನ್ನು ಎಂಜಿನ್ನಿಗೆ ಸಿಕ್ಕಿಸಿ ಎಳೆದ. ಎಂಜಿನ್ ಗುಡುಗಿತು.

"ಗಡ್ಡೆ ಹಿಂದಿಂದ ಬಳಸಿ ಹೋಗ್ಲಾ?"

"ನೀನೇ ನೋಡಿ ನಡೆಸು. ನಾನು ಹಿಂದೆ ತಿರುಗಲ್ಲ."

ಅವನು ತಿರುಗಲೂ ಇಲ್ಲ. ಫೇಬಿಯನ್ ನಾಲಿಗೆ ಕಚ್ಚಿಕೊಂಡು, ಮಾವ ನಡೆಸುವ ಹಾಗೆಯೇ, ಮಂಜಿನ ತುಂಡಿನ ಬೆನ್ನು ಸವರಿಕೊಂಡು ದೋಣಿಯನ್ನು ತಂದ. ಸೀಲ್ ಸರಿಯಾಗಿ ಮಾವನ ಬಲಗೈ ಕಡೆಗೆ ಬಂತು. ಎಂಜಿನ್ ನಿಂತಿತು. ಮಾವ ಈಟಿ ಎಸೆದ. ಅದು ಚರ್ಮದ ಮೇಲೆ ಜಾರಿ ನೀರಿಗೆ ಬಿತ್ತು!

"ಎಳೀತೀನಿ! ಎಳೀತೀನಿ!" ಎಂದು ಕಿರುಚಿದೆ. ಹಗ್ಗ ಎಳೆದು ಈಟಿಯನ್ನು ಅವನ ಕೈಗೆ ಕೊಟ್ಟೆ. ಈಗ ನೀರಿನ ಕೆಳಗೆ ಬರೀ ಬೂದು ನೆರಳು. ಮಾವ ಬಗ್ಗಿ ನೋಡಿ, ನೆರಳಿಗಿಂತ ಕೊಂಚ ಈಚೆಗೆ, ಮೈಯೆಲ್ಲ ಬಲ ಹಾಕಿ ಎಸೆದ. ಹಗ್ಗ ನನ್ನ ಬೂಟಿನ ಪಕ್ಕದಲ್ಲಿ ಸರ್ರನೆ ಹಾವಿನಂತೆ ಓಡಿತು. ತೇಲುಚೆಂಡು ದೋಣಿಯಿಂದ ಹಾರಿ ನೀರಿಗೆ ಬಿತ್ತು, ಮುಳುಗಿತು, ಕಾಣದಾಯಿತು. ನಾವು ಮೂವರೂ ನೀರನ್ನೇ ನೋಡುತ್ತಿದ್ದೆವು.

ಬುಳುಕ್ಕನೆ ಚೆಂಡು ಮೇಲೆದ್ದಿತು. ಕಿತ್ತಳೆ ಬಣ್ಣ ಅಷ್ಟು ಚೆಂದ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಫೇಬಿಯನ್ ಕುಣಿಯಲು ಎದ್ದ. ಮಾವ ಮುಂದೆ ನೋಡುತ್ತಲೇ, "ಕೂತ್ಕೋ" ಎಂದ. ಫೇಬಿಯನ್ ಕೂತ. ಕೂತಲ್ಲೇ ಕುಣಿದ.

ಸೀಲನ್ನು ದಪ್ಪ ಹಾಸಿನವರೆಗೆ ಎಳೆದುಕೊಂಡು ಹೋಗಿ ಮೇಲಕ್ಕೆ ಜಗ್ಗಿದೆವು. ಮಾವ ತನ್ನ ಬಾಟಲಿಯ ಸಿಹಿನೀರನ್ನು ಅದರ ಬಾಯಿಗೆ ಹನಿಸಿದ. ಉಪ್ಪುನೀರಲ್ಲೇ ಇರುವ ಜೀವಕ್ಕೆ ಬಾಯಾರಿರುತ್ತದೆ ಎಂಬುದು ನಮ್ಮವರ ನಂಬಿಕೆ. ಅಲ್ಲೇ ಕೊಯ್ದು, ಮಾಂಸವನ್ನು ದೋಣಿಯ ತಳದಲ್ಲಿ ಎರಡೂ ಕಡೆ ಸಮನಾಗಿ ಹರವಿದೆವು. ಫೇಬಿಯನ್ ದೋಣಿಯ ವೈರ್‌ಲೆಸ್ ರೇಡಿಯೊ ಕೈಗೆತ್ತಿಕೊಂಡ. ನಮ್ಮೂರಲ್ಲಿ ಮನೆಮನೆಯಲ್ಲೂ ಅದು ಹಚ್ಚಿಯೇ ಇರುತ್ತದೆ.

"ಊರಿನವರೇ, ಕೇಳಿ ಕೇಳಿ! ನಮ್ಮೂರ ಒಂದು ಪುಟ್ಟ ಮಗು ಇವತ್ತು ಮೊದಲ್ನೇ ಸೀಲ್ ಹೊಡೆದಿದೆ. ಮಗುವಿನ ಹೆಸರು ಸಿರಿಲ್. ಮಗುವಿಗೆ ತಲೆಕೂದ್ಲು ಸ್ವಲ್ಪ ಉದುರಿದೆ!"

ರೇಡಿಯೊದಲ್ಲಿ ನಗು, ಕೂಗು. ಆಮೇಲೆ ಅಜ್ಜಿಯ ದನಿ: "ಯಾವ ಸಿರಿಲ್?"

"ನಿಮ್ಮ ಸಿರಿಲ್ಲೇ ಅತ್ತೆ! ಟ್ರಂಕ್ ಎಳೀರಿ!"

ನಾವು ದಡಕ್ಕೆ ಬರುವಷ್ಟರಲ್ಲಿ ಅಜ್ಜಿಯ ಮನೆಯೆದುರು ಹೆಂಗಸರು ಜಮಾಯಿಸಿಬಿಟ್ಟಿದ್ದರು. ಮೊದಲು ಮಾಂಸ, ಕೊಬ್ಬು ಹಂಚಿದ್ದಾಯಿತು. ನಾನು ಸಂಬಂಧಿ, ಹಿಡಿಯುವಂತಿಲ್ಲ. ಟ್ರಂಕಿನಿಂದ ಎತ್ತಿ ಎತ್ತಿ ಅಜ್ಜಿಯ ಕೈಗೆ ಕೊಡುತ್ತಾ ನಿಂತೆ. ಅವಳು ಮೊದಲನೆಯ ಬಟ್ಟೆಯನ್ನು ತಲೆಯ ಮೇಲಿಂದ ಎಸೆಯಲು ಹೋದಳು. ಕೈ ಭುಜದ ಹತ್ತಿರಕ್ಕೂ ಬರಲಿಲ್ಲ. ಮಾವ ಒಂದು ಹೆಜ್ಜೆ ಮುಂದಿಟ್ಟ.

"ಅಲ್ಲೇ ನಿಂತ್ಕೊ!" ಎಂದಳು ಅಜ್ಜಿ. ಕೈಯನ್ನು ಕೆಳಗಿನಿಂದ ಬೀಸಿ, ತೊಟ್ಟಿಲು ತೂಗಿದ ಹಾಗೆ, ಎಸೆದಳು. ಬಟ್ಟೆ ಗಾಳಿಯಲ್ಲಿ ಬಿಚ್ಚಿಕೊಂಡು ಹಾರಿತು. ಹೆಂಗಸರು ಹೋ ಎಂದರು. ಆಮೇಲೆ ಅವಳು ನಿಲ್ಲಲೇ ಇಲ್ಲ. ಚಮಚ, ಸೂಜಿ ಪೊಟ್ಟಣ, ಮಕ್ಕಳ ಕಾಲುಚೀಲ, ಟವಲು, ಒಂದರ ಹಿಂದೆ ಒಂದು.

"ಅಯ್ಯೋ, ಇದು ನಾನು ಎಸೆದ ಟವಲ್ಲು!" ಎಂದು ಕೂಗಿದಳು ಒಬ್ಬ ಮುದುಕಿ.

"ಹಿಡಿ ಮತ್ತೆ, ಒಗೆದು ಇಟ್ಟಿದ್ದೆ!" ಎಂದಳು ಅಜ್ಜಿ.

ಕಲ್ಲಿನಂತಾಗಿದ್ದ ಒಂದು ಸೋಪು ಕೈಗೆ ಬಂದಾಗ ಅವಳು ತಡೆದಳು. ಮಗನ ಕಡೆ ತಿರುಗಿದಳು.

"ನೀನು ಮುಂದೆ ಕೂತಿದ್ದೆ. ಎಂಜಿನ್ ಯಾರ ಕೈಲಿತ್ತು?"

"ಬಾವನ ಕೈಲಿ."

"ಕೊನೇವರೆಗೂ?"

"ಕೊನೇವರೆಗೂ."

ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಹೆಂಗಸರ ಹಿಂದೆ ಫೇಬಿಯನ್ ನಿಂತಿದ್ದ, ಮಣಿಕಟ್ಟಿನಲ್ಲಿ ಇನ್ನೂ ಕೆಂಪು ದಾರ ನೇತಾಡುತ್ತಿತ್ತು. ಅವನು ಗಂಡಸು, ಸಾಲದ್ದಕ್ಕೆ ಸಂಬಂಧಿ, ಎರಡು ಲೆಕ್ಕದಲ್ಲೂ ಹಿಡಿಯುವಂತಿಲ್ಲ. ಅಜ್ಜಿ ಆ ಸೋಪನ್ನು ಗುರಿಯಿಟ್ಟು ಅವನತ್ತಲೇ ಬೀಸಿದಳು. ಅವನು ಎರಡೂ ಕೈ ಎತ್ತಿ ಹಿಡಿದ.